ಐದು ಸುತ್ತಿನ ಸಂದರ್ಶನದಲ್ಲಿ ಸೋತವರು ಕೆಲಸದಲ್ಲೂ ಸೋತವರೇ?

ಪ್ರಶ್ನೆ: ನಾನು ತಿಪಟೂರು ಕಡೆಯವಳು. ಒಂಬತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಂಬಳ ಮತ್ತು ಪಾವತಿಗಳ ಲೆಕ್ಕ ಹಾಕುವ ವ್ಯವಸ್ಥೆಯೊಂದನ್ನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ತಿಂಗಳ ಕೊನೆಯ ರಾತ್ರಿ ಏನಾದರೂ ಕೆಟ್ಟರೆ ಮೊದಲ ಫೋನ್ ಬರುವುದು ನನಗೇ. ಈಚೆಗೆ ಬೇರೊಂದು ಕಂಪನಿಯ ಹಿರಿಯ ಹುದ್ದೆಗೆ ಅರ್ಜಿ ಹಾಕಿದ್ದೆ. ಕ್ಯಾಮೆರಾ ಕಾವಲಿನಲ್ಲಿ 90 ನಿಮಿಷಗಳ ಆನ್‌ಲೈನ್ ಪರೀಕ್ಷೆ, ಎರಡು ತಾಂತ್ರಿಕ ಸುತ್ತು, ಮ್ಯಾನೇಜರ್ ಸುತ್ತು, ಎಚ್‌ಆರ್ ಸುತ್ತು, ಹೀಗೆ ಐದು ನಡೆದವು. ಎರಡನೆಯ ತಾಂತ್ರಿಕ ಸುತ್ತಿಗೆ ಸಂದರ್ಶಕರು 15 ನಿಮಿಷ ತಡವಾಗಿ ಬಂದರು, ಕೊನೆಯವರೆಗೂ ಕ್ಯಾಮೆರಾ ಹಾಕಲಿಲ್ಲ. ಬೈನರಿ ಟ್ರೀ, ಅಂದರೆ ಮಾಹಿತಿಯನ್ನು ಮರದ ಕೊಂಬೆಗಳಂತೆ ಎರಡೆರಡಾಗಿ ಕವಲೊಡೆಸಿ ಜೋಡಿಸಿದ ರಚನೆಯೊಂದನ್ನು, ಎಡಬಲ ತಿರುಗಿಸುವ ಕೋಡ್ ಬರೆಯಲು ಹೇಳಿದರು. ಕಾಲೇಜು ಬಿಟ್ಟ ಮೇಲೆ ನಾನದನ್ನು ಬರೆದೇ ಇರಲಿಲ್ಲ. ಕೈ ನಡುಗಿತು, ಅರ್ಧಕ್ಕೆ ನಿಂತೆ. ಮ್ಯಾನೇಜರ್ ಸುತ್ತಿನಲ್ಲಿ ಬೆಂಗಳೂರಿನಲ್ಲಿ ಒಟ್ಟು ಎಷ್ಟು ಪೆಟ್ರೋಲ್ ಬಂಕ್ ಇರಬಹುದು ಎಂದು ಕೇಳಿದರು. ನನ್ನ ಈಗಿನ ಕೆಲಸದ ಬಗ್ಗೆ ಯಾರೂ ಹತ್ತು ನಿಮಿಷ ಮಾತಾಡಲಿಲ್ಲ. ಮೂರು ವಾರದ ನಂತರ ಎರಡು ಸಾಲಿನ ಮೇಲ್ ಬಂತು, ಕಾರಣ ಕೇಳಿದ್ದಕ್ಕೆ ಉತ್ತರವಿಲ್ಲ. ನನ್ನಲ್ಲಿ ನಿಜವಾಗಿ ಕೊರತೆ ಇದೆಯೇ? ಇಂಥ ಪರೀಕ್ಷೆಗಳು ಏನನ್ನಾದರೂ ಅಳೆಯುತ್ತವೆಯೇ? ಇವನ್ನೆಲ್ಲ ಉರು ಹೊಡೆದು ಮತ್ತೆ ಹೋಗಬೇಕೇ? ಇನ್ನೊಂದು ಕಂಪನಿ ಈ ವಾರಾಂತ್ಯಕ್ಕೆ ಮನೆಯಲ್ಲೇ ಮಾಡಿ ಕಳಿಸುವ ಕೆಲಸ ಕೊಟ್ಟಿದೆ, ಅದನ್ನು ಒಪ್ಪಿಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅವನ್ನು ಬಿಡಿಸಿಟ್ಟರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ತಡವಾಗಿ ಬಂದದ್ದು, ಮುಖ ತೋರಿಸದೆ ಪ್ರಶ್ನೆ ಕೇಳಿದ್ದು, ಮೂರು ವಾರ ಸುದ್ದಿಯಿಲ್ಲದೆ ಕಾಯಿಸಿದ್ದು ಮರ್ಯಾದೆಗೆ ಸಂಬಂಧಿಸಿದವು. ಮರ ತಿರುಗಿಸಲು ಹೇಳಿದ್ದು, ಪೆಟ್ರೋಲ್ ಬಂಕ್ ಎಣಿಸಲು ಹೇಳಿದ್ದು, ಒಂಬತ್ತು ವರ್ಷದ ಕೆಲಸವನ್ನು ಕೇಳದೇ ಬಿಟ್ಟದ್ದು ವಿಧಾನಕ್ಕೆ ಸಂಬಂಧಿಸಿದವು. ಮರ್ಯಾದೆ ಗೊತ್ತಿಲ್ಲದವರ ಕೈಯಲ್ಲೂ ಒಳ್ಳೆಯ ವಿಧಾನವಿರಬಹುದು. ಕಾಫಿ ಕೊಟ್ಟು, ಊರು ಕೇರಿ ವಿಚಾರಿಸಿ, ನಗುನಗುತ್ತ ಮಾತಾಡಿಸುವವರ ಕೈಯಲ್ಲಿ ತೀರ ಕೆಟ್ಟ ವಿಧಾನವಿರಬಹುದು. ಇಪ್ಪತ್ತೆರಡು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತು ನೇಮಕಾತಿ ಮಾಡಿದವನಾಗಿ ಹೇಳುವುದಾದರೆ, ಎರಡನೆಯವರೇ ಹೆಚ್ಚು ಅಪಾಯಕಾರಿ. ಮೊದಲ ಎಂಟು ವರ್ಷ ನಾನೇ ಅಂಥವನಾಗಿದ್ದೆ.

ನಿಮ್ಮ ಮೊದಲ ಪ್ರಶ್ನೆಗೆ ಸಮಾಧಾನದ ಮಾತು ಹೇಳುವುದಕ್ಕಿಂತ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಹುದ್ದೆಗೆ 400 ಅರ್ಜಿಗಳು ಬಂದಿವೆ, ಅವುಗಳಲ್ಲಿ 100 ಜನ ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲವರು ಎಂದಿಟ್ಟುಕೊಳ್ಳಿ. ಭೂಮಿಯ ಮೇಲಿನ ಅತ್ಯುತ್ತಮ ಪರೀಕ್ಷೆಯನ್ನೇ ತಂದಿಟ್ಟರೂ ಕೆಲಸ ಸಿಗುವುದು ಒಬ್ಬರಿಗೆ. ಯೋಗ್ಯರಾದ 99 ಜನ ಮನೆಗೆ ಹೋಗಲೇಬೇಕು. ಆದ್ದರಿಂದ ‘ಆಯ್ಕೆಯಾಗಲಿಲ್ಲ’ ಎಂಬ ಒಂದು ಸಂಗತಿಯಿಂದ ‘ಯೋಗ್ಯತೆಯಿಲ್ಲ’ ಎಂಬ ತೀರ್ಮಾನಕ್ಕೆ ದಾರಿಯೇ ಇಲ್ಲ. ಈಗ ಇದಕ್ಕೆ ಸುತ್ತುಗಳನ್ನು ಸೇರಿಸಿ. ಯೋಗ್ಯ ಅಭ್ಯರ್ಥಿಯೊಬ್ಬರನ್ನು ಪ್ರತಿ ಸುತ್ತೂ ನೂರಕ್ಕೆ 80 ಸಲ ಸರಿಯಾಗಿ ಗುರುತಿಸುತ್ತದೆ ಎಂದು ಉದಾರವಾಗಿಯೇ ಒಪ್ಪೋಣ. ಐದೂ ಸುತ್ತುಗಳಲ್ಲಿ ಎಲ್ಲರೂ ಹೂಂ ಎನ್ನಬೇಕೆಂಬ ನಿಯಮವಿದ್ದರೆ 0.8 ಅನ್ನು ಐದು ಸಲ ಗುಣಿಸಬೇಕು. ಉತ್ತರ ಸುಮಾರು 0.33. ಅಂದರೆ ಯೋಗ್ಯರಾದ ಪ್ರತಿ ಮೂವರಲ್ಲಿ ಇಬ್ಬರು ಯಾವುದಾದರೂ ಒಂದು ಸುತ್ತಿನಲ್ಲಿ, ಯಾರೋ ಒಬ್ಬರ ಅಪಸ್ವರಕ್ಕೆ, ಬಿದ್ದುಹೋಗುತ್ತಾರೆ. ಸುತ್ತು ಹೆಚ್ಚಿಸಿದಷ್ಟೂ ಆಯ್ಕೆ ಗಟ್ಟಿಯಾಗುತ್ತದೆ ಎಂದು ಕಂಪನಿಗಳು ನಂಬಿವೆ. ಎಲ್ಲರ ಒಪ್ಪಿಗೆಯೂ ಬೇಕೆಂಬ ನಿಯಮದ ಜೊತೆಗೆ ಸುತ್ತು ಹೆಚ್ಚಿಸಿದಾಗ ಮುಖ್ಯವಾಗಿ ಹೆಚ್ಚುವುದು ಯೋಗ್ಯರು ಉದುರುವ ಸಂಭವ.

ಇದು ಅವರಿಗೆ ಗೊತ್ತಿಲ್ಲವೆಂದಲ್ಲ. ತಪ್ಪು ವ್ಯಕ್ತಿಯನ್ನು ಸೇರಿಸಿಕೊಂಡರೆ ಆ ತಪ್ಪು ಕಣ್ಣೆದುರು ಕುಳಿತಿರುತ್ತದೆ. ಆರು ತಿಂಗಳ ಪ್ರೊಬೇಷನ್, ಮೂರು ತಿಂಗಳ ನೋಟಿಸ್ ಪೀರಿಯಡ್, ‘ಇವರನ್ನು ತೆಗೆದುಕೊಂಡವರು ಯಾರು’ ಎಂಬ ಪ್ರಶ್ನೆ, ಎಲ್ಲವೂ ಮ್ಯಾನೇಜರ್ ತಲೆಗೇ ಬರುತ್ತವೆ. ಸರಿಯಾದ ವ್ಯಕ್ತಿಯನ್ನು ಬಿಟ್ಟುಕೊಟ್ಟರೆ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಲೆಕ್ಕ ಕೇಳುವುದಿಲ್ಲ. ಆದಕಾರಣ ಇಡೀ ವ್ಯವಸ್ಥೆಯೇ ಬೇಡ ಎನ್ನುವ ಕಡೆಗೆ ವಾಲಿಕೊಂಡಿದೆ. ಆ ವಾಲಿಕೆಯ ಖರ್ಚನ್ನು ಕಂಪನಿ ಭರಿಸುವುದಿಲ್ಲ. ರಜೆ ಹಾಕಿ, ನಿದ್ದೆಗೆಟ್ಟು, ಐದು ಸುತ್ತು ಕುಳಿತ ನೀವು ಭರಿಸುತ್ತೀರಿ.

ಇನ್ನು ಮರ ತಿರುಗಿಸುವ ಪ್ರಶ್ನೆ. ತಂತ್ರಾಂಶದ ಲೋಕದಲ್ಲಿ ಇದಕ್ಕೊಂದು ಪ್ರಸಿದ್ಧ ಹಿನ್ನೆಲೆ ಇದೆ. ಮ್ಯಾಕ್ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಹಾಕಿಕೊಳ್ಳಲು ಎಂಜಿನಿಯರುಗಳು ವ್ಯಾಪಕವಾಗಿ ಬಳಸುವ ಹೋಮ್‌ಬ್ರೂ ಎಂಬ ಸಾಧನವನ್ನು ರೂಪಿಸಿದ ಮ್ಯಾಕ್ಸ್ ಹೋವೆಲ್ ಅವರು, ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸಲಾಗದ್ದಕ್ಕೆ ಗೂಗಲ್ ತಮ್ಮನ್ನು ತಿರಸ್ಕರಿಸಿತೆಂದು 2015ರಲ್ಲಿ ಬಹಿರಂಗವಾಗಿ ಬರೆದುಕೊಂಡಿದ್ದರು. ತಮ್ಮ ಎಂಜಿನಿಯರುಗಳೇ ಬಳಸುವ ಸಾಧನ ಕಟ್ಟಿದವನನ್ನು ಬೋರ್ಡಿನ ಮೇಲಿನ ಲೆಕ್ಕ ಸೋಲಿಸಿತಲ್ಲ ಎಂಬ ವ್ಯಂಗ್ಯ ಎಲ್ಲರಿಗೂ ಇಷ್ಟವಾಯಿತು. ನನಗೆ ಆ ಕಥೆಗಿಂತ ಅದರ ಹಿಂದಿನ ಪ್ರಶ್ನೆ ಮುಖ್ಯವೆನಿಸುತ್ತದೆ: ಆ ಹೊತ್ತಿನಲ್ಲಿ ಅಳತೆಗೆ ಸಿಕ್ಕಿದ್ದು ಏನು?

ಇದಕ್ಕೆ ಒಂದು ಪ್ರಯೋಗ ಚೆನ್ನಾಗಿ ಉತ್ತರಿಸುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ವಿದ್ಯಾರ್ಥಿಗಳಿಗೆ ಇಂಥದೇ ಪ್ರೋಗ್ರಾಮಿಂಗ್ ಸಮಸ್ಯೆಯನ್ನು ವೈಟ್‌ಬೋರ್ಡ್ ಮೇಲೆ ಬಿಡಿಸಲು ಕೊಟ್ಟರು. ಕೆಲವರು ಸಂದರ್ಶಕರ ಎದುರು ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತ ಬಿಡಿಸಬೇಕಿತ್ತು. ಉಳಿದವರು ಅದೇ ಸಮಸ್ಯೆಯನ್ನು ಕೋಣೆಯಲ್ಲಿ ಒಬ್ಬರೇ ಬಿಡಿಸಬೇಕಿತ್ತು. ಬೇರೆಯವರು ನೋಡುತ್ತಿದ್ದಾಗ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಎದುರಿಗೆ ಸಂದರ್ಶಕರಿದ್ದ ಗುಂಪಿನ ಮಹಿಳೆಯರಲ್ಲಿ ಒಬ್ಬರೂ ಉತ್ತೀರ್ಣರಾಗಲಿಲ್ಲ, ಒಬ್ಬರೇ ಕುಳಿತ ಗುಂಪಿನ ಮಹಿಳೆಯರು ಎಲ್ಲರೂ ಉತ್ತೀರ್ಣರಾದರು. ಸಂಖ್ಯೆ ಚಿಕ್ಕದು, ಅದರ ಮೇಲೆ ಗೋಪುರ ಕಟ್ಟಬಾರದು. ಆದರೂ ನಿಮ್ಮ ಕೈ ನಡುಗಿದ್ದು ಜ್ಞಾನದ ಕೊರತೆಯಿಂದಲೇ ಎಂದು ತೀರ್ಮಾನಿಸುವ ಮೊದಲು ಇದನ್ನು ನೆನೆಯಿರಿ: ಆ ಸುತ್ತು ಅಳೆದದ್ದರಲ್ಲಿ ಒಂದು ದೊಡ್ಡ ಪಾಲು, ಅಪರಿಚಿತರು ದಿಟ್ಟಿಸುತ್ತಿರುವಾಗ ಯೋಚಿಸಬಲ್ಲಿರಾ ಎಂಬುದನ್ನು. ನಿಮ್ಮ ಸಂದರ್ಶಕರು ಕ್ಯಾಮೆರಾ ಹಾಕದೆ, ತಲೆಯಾಡಿಸುವುದೂ ಕಾಣದಂತೆ ಕುಳಿತು ಆ ಭಾರವನ್ನು ಇನ್ನಷ್ಟು ಹೆಚ್ಚಿಸಿದ್ದಾರೆ.

ನಮ್ಮ ಆರ್‌ಟಿಒ ಮೈದಾನದಲ್ಲಿ ದ್ವಿಚಕ್ರ ವಾಹನದ ಲೈಸೆನ್ಸಿಗೆ ಎಂಟು ಹಾಕಿಸುತ್ತಾರಲ್ಲ, ಈ ಪ್ರಶ್ನೆಗಳು ಆ ಜಾತಿಯವು. ಎಂಟು ಹಾಕಲು ಸ್ವಲ್ಪ ಹಿಡಿತ ಬೇಕು ನಿಜ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಏಳಕ್ಕೆ ಗಾಡಿ ಓಡಿಸುವವರಿಗೆ ಬೇಕಾದದ್ದು ಅದಲ್ಲ. ಇಪ್ಪತ್ತು ವರ್ಷ ಗಾಡಿ ಓಡಿಸಿದವರನ್ನು ದಿಢೀರನೆ ಕರೆದು ಎಂಟು ಹಾಕಿ ಎಂದರೆ ಕಾಲು ಕೆಳಗಿಡುವವರೇ ಹೆಚ್ಚು. ಕಾಲೇಜಿನಿಂದ ಆಗಷ್ಟೇ ಹೊರಬಂದವರು, ಕಳೆದ ತಿಂಗಳಷ್ಟೇ ಅಭ್ಯಾಸ ಮಾಡಿದವರು ಸಲೀಸಾಗಿ ಹಾಕುತ್ತಾರೆ.

ಪೆಟ್ರೋಲ್ ಬಂಕ್ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕಳೆಯುವ ಅಗತ್ಯವಿಲ್ಲ. ಒಗಟು ಕೇಳುವ ಈ ಚಾಳಿಗೆ ಹೆಸರಾಗಿದ್ದ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ, ಇವು ಸಂಪೂರ್ಣ ಕಾಲಹರಣ, ಇವುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವರಿಗೆ ತಾವು ಜಾಣರೆಂಬ ಭಾವನೆ ಬರುವುದಷ್ಟೇ ಲಾಭ ಎಂಬರ್ಥದಲ್ಲಿ ಸಂದರ್ಶನ ಕೊಟ್ಟರು. ಅಲ್ಲಿ ಕೈಬಿಟ್ಟ ಮೇಲೂ ಅದು ಇಲ್ಲಿ ನಡೆದೇ ಇದೆ. ದೊಡ್ಡವರ ಮನೆಯ ಹಳೆಯ ಸೋಫಾ ನಮ್ಮ ಹಜಾರಕ್ಕೆ ಬಂದ ಹಾಗೆ.

ನನಗೆ ನಿಜವಾದ ಆಸಕ್ತಿ ಇರುವುದು ಮ್ಯಾನೇಜರ್ ಮತ್ತು ಎಚ್‌ಆರ್ ಸುತ್ತುಗಳಲ್ಲಿ ನಡೆಯುವ ‘ಸುಮ್ಮನೆ ಮಾತಾಡಿ ನೋಡೋಣ’ ಎಂಬ ಹರಟೆಯ ಬಗ್ಗೆ. ಮನುಷ್ಯನನ್ನು ಅರ್ಧ ಗಂಟೆ ಮಾತಾಡಿಸಿದರೆ ಸಾಕು, ಅಳತೆ ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಸಿಇಒ ಆಯ್ಕೆಯವರೆಗೆ ಅದೇ ನಡೆದಿದೆ. ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ ಎಂಬ ಸಂಶೋಧಕರು 2013ರಲ್ಲಿ ಈ ನಂಬಿಕೆಯನ್ನು ಪರೀಕ್ಷಿಸಿದ ಬಗೆಯನ್ನು ನಾನು ತರಬೇತಿ ಕೊಡುವಾಗಲೆಲ್ಲ ಹೇಳುತ್ತೇನೆ. ವಿದ್ಯಾರ್ಥಿಗಳು ಇತರ ವಿದ್ಯಾರ್ಥಿಗಳನ್ನು ಸಂದರ್ಶಿಸಿ ಅವರ ಮುಂದಿನ ಸೆಮಿಸ್ಟರಿನ ಅಂಕ ಊಹಿಸಬೇಕು. ಉತ್ತರಿಸುವವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಸೂಚನೆಯಿತ್ತು: ಪ್ರಶ್ನೆ ಏನೇ ಇರಲಿ, ಹೌದು ಅಥವಾ ಇಲ್ಲ ಎಂಬುದನ್ನು ನಿಜಕ್ಕೆ ಸಂಬಂಧವೇ ಇಲ್ಲದ ಒಂದು ಸೂತ್ರದ ಪ್ರಕಾರ ಹೇಳಬೇಕು, ಹೆಚ್ಚೂಕಡಿಮೆ ನಾಣ್ಯ ಚಿಮ್ಮಿದಂತೆ. ಎದುರಿಗಿದ್ದವರು ಬಾಯಿಗೆ ಬಂದದ್ದು ಹೇಳುತ್ತಿದ್ದಾರೆಂದು ಸಂದರ್ಶಕರಿಗೆ ಗೊತ್ತಾಗಲಿಲ್ಲ. ಆ ವ್ಯಕ್ತಿಯ ಬಗ್ಗೆ ಉಪಯುಕ್ತ ಮಾಹಿತಿ ಸಿಕ್ಕಿತೆಂಬ ಅವರ ವಿಶ್ವಾಸವೂ ಕುಂದಲಿಲ್ಲ. ಇನ್ನೂ ಸೋಜಿಗವೆಂದರೆ, ಯಾರನ್ನೂ ಮಾತಾಡಿಸದೆ ಹಿಂದಿನ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆಯು, ಅಂಕಗಳ ಜೊತೆಗೆ ಸಂದರ್ಶನವನ್ನೂ ಸೇರಿಸಿ ಮಾಡಿದ ಊಹೆಗಿಂತ ನಿಖರವಾಗಿತ್ತು. ಮಾತುಕತೆ ಅಲ್ಲಿ ಜ್ಞಾನಕ್ಕೆ ಕೂಡಿಕೊಳ್ಳಲಿಲ್ಲ, ಇದ್ದ ಜ್ಞಾನವನ್ನು ತೆಳುವಾಗಿಸಿತು.

ಸಂದರ್ಶಕರು ತಮ್ಮ ತಪ್ಪಿನಿಂದ ಕಲಿಯುವುದಿಲ್ಲವೇ ಎಂದು ನೀವು ಕೇಳಬಹುದು. ಕಲಿಯಲು ಅವಕಾಶವೇ ಇಲ್ಲ, ಏಕೆಂದರೆ ತಿರಸ್ಕೃತರು ಬೇರೆ ಕಡೆ ಹೇಗೆ ಕೆಲಸ ಮಾಡಿದರೆಂಬುದು ಅವರಿಗೆ ತಲುಪುವುದೇ ಇಲ್ಲ. ತಲುಪಿದ ಒಂದು ಅಪರೂಪದ ಪ್ರಸಂಗ 1979ರದು. ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯು ಸಂದರ್ಶನ ಮುಗಿಸಿ 150 ವಿದ್ಯಾರ್ಥಿಗಳನ್ನು ಆರಿಸಿಯಾಗಿತ್ತು. ಆಮೇಲೆ ಇನ್ನೂ 50 ಸೀಟು ಹೆಚ್ಚಿಸಬೇಕೆಂದು ರಾಜ್ಯದ ಶಾಸನಸಭೆ ಹೇಳಿತು. ಆ ಹೊತ್ತಿಗೆ ಉಳಿದಿದ್ದವರು ಸಂದರ್ಶನದಲ್ಲಿ ಕೆಳಗಿನ ಸ್ಥಾನ ಪಡೆದು ತಿರಸ್ಕೃತರಾಗಿದ್ದವರೇ. ಅವರಿಂದಲೇ 50 ಜನರನ್ನು ತೆಗೆದುಕೊಂಡರು. ಮುಂದೆ ವ್ಯಾಸಂಗದಲ್ಲಿ, ಆಸ್ಪತ್ರೆಯ ತರಬೇತಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಒಂದು ಸರ್ಕಾರಿ ಆದೇಶ ಅಡ್ಡ ಬರದಿದ್ದರೆ ಆ ಸಂದರ್ಶಕರು ತಮ್ಮ ಆಯ್ಕೆಯನ್ನು ಹೊಗಳಿಕೊಂಡೇ ನಿವೃತ್ತರಾಗುತ್ತಿದ್ದರು.

ನನಗೂ ಅಂಥದೊಂದು ಆದೇಶದಂತೆ ಬಂದವನು ಗದಗ ಕಡೆಯ ಒಬ್ಬ ಹುಡುಗ. ಆಗ ನಾನು ಕೆಲಸ ಮಾಡುತ್ತಿದ್ದ ಕಂಪನಿಗೆ ಅವನು ಸಂದರ್ಶನಕ್ಕೆ ಬಂದಿದ್ದ, ನಾನು ಬೇಡವೆಂದಿದ್ದೆ. ಎರಡು ವರ್ಷದ ನಂತರ ನಮ್ಮ ಗ್ರಾಹಕರೊಬ್ಬರ ಕಚೇರಿಗೆ ಹೋದಾಗ ಅಲ್ಲಿ ತಾಂತ್ರಿಕ ವಿಭಾಗ ನೋಡಿಕೊಳ್ಳುತ್ತಿದ್ದವನು ಅವನೇ. ನಾವು ಮಾರಿದ ತಂತ್ರಾಂಶದಲ್ಲಿ ಮಧ್ಯರಾತ್ರಿ ದಿನಾಂಕ ಬದಲಾಗುವ ಹೊತ್ತಿಗೆ ಎರಡೆರಡು ಬಿಲ್ ಹುಟ್ಟುತ್ತಿದ್ದುದು ಏಕೆಂದು ಅವನು ಕ್ಯಾಂಟೀನಿನ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು, ‘ಇಲ್ಲಿ ನೋಡ್ರಿ ಸರ್’ ಎಂದು ಒಂದೊಂದೇ ಹೆಜ್ಜೆ ತೋರಿಸಿದ. ನಮ್ಮವರಿಗೆ ಒಂದು ತಿಂಗಳಿಂದ ಸಿಗದಿದ್ದ ತಪ್ಪು ಅದು. ವಾಪಸು ಬಂದು ಹಳೆಯ ಟಿಪ್ಪಣಿ ತೆಗೆದು ನೋಡಿದೆ. ಅವನ ಹೆಸರಿನ ಮುಂದೆ ನಾನು ಬರೆದಿದ್ದು ಎರಡೇ ಪದ: ‘ಸಂವಹನ ಸಾಲದು.’ ಅಂದರೆ ಇಂಗ್ಲಿಷ್ ಸಾಲದು. ಬೆಂಗಳೂರಿನ ಆಯ್ಕೆ ಪಟ್ಟಿಗಳಲ್ಲಿ ಸಂವಹನ ಎಂಬ ಕಾಲಂ ಎಷ್ಟೋ ಸಲ ಶಾಲೆಯ ಮಾಧ್ಯಮ, ಹುಟ್ಟಿದ ಊರು, ಮನೆಯ ವಾತಾವರಣಗಳನ್ನು ಅಳೆದು ಅದಕ್ಕೆ ಕೌಶಲದ ಹೆಸರಿಡುತ್ತದೆ. ಇಂಗ್ಲಿಷಿನಲ್ಲೇ ದಿನವಿಡೀ ಗ್ರಾಹಕರ ಜೊತೆ ಮಾತಾಡುವ ಹುದ್ದೆಗೆ ಆ ಕಾಲಂ ನ್ಯಾಯವೇ; ಎಲ್ಲ ಹುದ್ದೆಗಳಿಗೂ ಒಂದೇ ತೂಕದಲ್ಲಿ ಹಾಕುವುದು ನ್ಯಾಯವಲ್ಲ.

ಸಂದರ್ಶನದ ಬಾಗಿಲಿಗೆ ಬರುವ ಮೊದಲೇ ಉದುರುವವರ ಕಥೆ ಇನ್ನೂ ಕಹಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಭಾರತದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿದ್ದರು. ವಿದ್ಯಾರ್ಹತೆ, ಅನುಭವ ಸರಿಸಮ. ಬೇರೆಯಾಗಿದ್ದದ್ದು ಹೆಸರು ಮಾತ್ರ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ಮನುಷ್ಯರ ಈ ಪಕ್ಷಪಾತವನ್ನು ಯಂತ್ರ ತೆಗೆದುಹಾಕುತ್ತದೆ ಎನ್ನುವವರಿಗೆ ಅಮೆಜಾನ್‌ನ ಪ್ರಸಂಗ ಸಾಕು. 2014ರಿಂದ ಅಲ್ಲಿ ಬೆಳೆಸಿದ ರೆಸ್ಯೂಮೆ ಸೋಸುವ ತಂತ್ರಾಂಶವು ಹಳೆಯ ನೇಮಕಾತಿಗಳನ್ನು ನೋಡಿ ಕಲಿತಿತ್ತು. ಹಳಬರಲ್ಲಿ ಗಂಡಸರೇ ಹೆಚ್ಚಾಗಿದ್ದರಿಂದ ‘ಮಹಿಳೆಯರ’ ಎಂಬ ಪದ ಕಂಡ ರೆಸ್ಯೂಮೆಗೆ ಅಂಕ ಕಡಿಮೆ ಮಾಡುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು.

ಹಾಗಾದರೆ ಸಂದರ್ಶನವನ್ನೇ ಬಿಡಬೇಕೇ? ಸರ್ಕಾರಿ ಉದ್ಯೋಗ ಮತ್ತು ಕಾಲೇಜು ಪ್ರವೇಶಗಳಲ್ಲಿ ಈ ಚರ್ಚೆ ಹಳೆಯದು, ಅದರಲ್ಲಿ ನಮ್ಮ ನಾಡಿನ ಪಾತ್ರವೂ ಇದೆ. ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶಕ್ಕೆ ಆಗಿನ ಮೈಸೂರು ಸರ್ಕಾರ ಸಂದರ್ಶನದ ಅಂಕ ಸೇರಿಸಿದ್ದನ್ನು ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1964ರಲ್ಲಿ ಎತ್ತಿಹಿಡಿದಿತ್ತು. 1980ರ ಅಜಯ್ ಹಾಸಿಯಾ ಪ್ರಕರಣದ ಹೊತ್ತಿಗೆ ನ್ಯಾಯಾಲಯದ ಧಾಟಿ ಬದಲಾಯಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಲಿಖಿತ ಪರೀಕ್ಷೆಗೆ 100, ಮೌಖಿಕಕ್ಕೆ 50 ಅಂಕ ಇಟ್ಟು, ಒಬ್ಬೊಬ್ಬರನ್ನು ಎರಡು ಮೂರು ನಿಮಿಷದಲ್ಲಿ ಮುಗಿಸಿತ್ತೆಂಬ ದೂರು ಅದು. ಮೌಖಿಕಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯಾಗುತ್ತದೆ ಎಂದ ನ್ಯಾಯಾಲಯ, ಸಂದರ್ಶನವನ್ನು ಧ್ವನಿಮುದ್ರಿಸುವುದು ಒಳ್ಳೆಯದು ಎಂದೂ ಸೂಚಿಸಿತು. ಕೆಪಿಎಸ್‌ಸಿಯ 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ನೇಮಕಾತಿ ಅಕ್ರಮದ ಆರೋಪಗಳಿಂದಾಗಿ ಸಿಐಡಿ ತನಿಖೆಗೆ, ಹೈಕೋರ್ಟಿಗೆ, ಕೊನೆಗೆ 2022ರ ವಿಶೇಷ ಶಾಸನಕ್ಕೆ ಹೋದದ್ದು ನಿಮಗೆ ನೆನಪಿರಬಹುದು. ಕೇಂದ್ರ ಸರ್ಕಾರವಂತೂ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಭ್ರಷ್ಟಾಚಾರದ ಭಯವಿರುವಲ್ಲಿ ಅದು ಸರಿಯಾದ ಮದ್ದು. ಖಾಸಗಿ ಕಂಪನಿಗಳ ರೋಗ ಬೇರೆ, ಅದಕ್ಕೆ ಮದ್ದೂ ಬೇರೆ.

ಆ ಮದ್ದನ್ನು 1955ರಷ್ಟು ಹಿಂದೆಯೇ ಒಬ್ಬ ಯುವಕ ಕಂಡುಕೊಂಡಿದ್ದ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಆಗ ಇಸ್ರೇಲಿ ಸೇನೆಯಲ್ಲಿದ್ದರು. ಸೈನಿಕರನ್ನು ಯಾವ ದಳಕ್ಕೆ ಹಾಕಬೇಕೆಂದು ನಿರ್ಧರಿಸುವ ಸಂದರ್ಶನವನ್ನು ಸುಧಾರಿಸುವ ಕೆಲಸ ಅವರ ಪಾಲಿಗೆ ಬಂತು. ಅವರು ಆರು ಗುಣಗಳನ್ನು ಆರಿಸಿ, ಪ್ರತಿಯೊಂದಕ್ಕೂ ಹಿಂದಿನ ಬದುಕಿನ ವಾಸ್ತವ ಸಂಗತಿಗಳ ಪ್ರಶ್ನೆಗಳನ್ನು ಬರೆದು, ಒಂದು ಗುಣಕ್ಕೆ ಅಂಕ ಕೊಟ್ಟ ಮೇಲಷ್ಟೇ ಮುಂದಿನದಕ್ಕೆ ಹೋಗಬೇಕೆಂದು ಕಟ್ಟುಪಾಡು ಮಾಡಿದರು. ನಮ್ಮನ್ನು ಯಂತ್ರಮಾನವರನ್ನಾಗಿ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಗೊಣಗಿದರು. ಅವರನ್ನು ಸಮಾಧಾನಪಡಿಸಲು, ಎಲ್ಲ ಅಂಕ ಕೊಟ್ಟಾದ ಮೇಲೆ ಕಣ್ಣು ಮುಚ್ಚಿ, ಈತ ಎಂಥ ಸೈನಿಕನಾಗುತ್ತಾನೆ ಎಂದು ಊಹಿಸಿ ಇನ್ನೊಂದು ಅಂಕ ಕೊಡಿ ಎಂದರು. ಹೊಸ ಪದ್ಧತಿ ಹಳೆಯದಕ್ಕಿಂತ ಎಷ್ಟೋ ಮೇಲಾಯಿತು. ಅಚ್ಚರಿಯೆಂದರೆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಚೆನ್ನಾಗಿಯೇ ಹೊಂದಿತು. ಅಂತಃಪ್ರಜ್ಞೆಗೆ ಬೆಲೆಯಿದೆ, ಆದರೆ ಅದು ಶಿಸ್ತಿನಿಂದ ಮಾಹಿತಿ ಕಲೆಹಾಕಿದ ನಂತರ ಬರಬೇಕು. ನಾವು ಮೊದಲ ಐದು ನಿಮಿಷದಲ್ಲೇ ಕಣ್ಣು ಮುಚ್ಚಿ ಉಳಿದ ಹೊತ್ತನ್ನು ಅದಕ್ಕೆ ಸಮರ್ಥನೆ ಹುಡುಕಲು ಬಳಸುತ್ತೇವೆ.

ಇದಕ್ಕೆ ಈಗ ದೊಡ್ಡ ಅಂಕಿಅಂಶಗಳ ಬೆಂಬಲವಿದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಯ್ಕೆಯ ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ನಂಟನ್ನು 0ಯಿಂದ 1ರವರೆಗಿನ ಸಂಖ್ಯೆಯಲ್ಲಿ ಹೇಳಿದ್ದಾರೆ. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಗದಿಯಾದ ಅಂಕಪಟ್ಟಿ ಇರುವ ವ್ಯವಸ್ಥಿತ ಸಂದರ್ಶನಕ್ಕೆ 0.42, ಕೆಲಸದ ಜ್ಞಾನದ ಪರೀಕ್ಷೆಗೆ 0.40, ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದಕ್ಕೆ 0.33, ಹರಟೆಯಂಥ ಸಂದರ್ಶನಕ್ಕೆ 0.19, ಅನುಭವದ ವರ್ಷಗಳ ಎಣಿಕೆಗೆ 0.07. ಕೊನೆಯದನ್ನು ಎರಡು ಸಲ ಓದಿ, ಏಕೆಂದರೆ ‘ಕನಿಷ್ಠ ಹತ್ತು ವರ್ಷ ಅನುಭವ’ ಎಂಬುದೇ ನಮ್ಮ ಜಾಹೀರಾತುಗಳ ಮೊದಲ ಜರಡಿ. ಮೊದಲನೆಯದನ್ನೂ ಉತ್ಪ್ರೇಕ್ಷಿಸಬಾರದು: 0.42ರ ವರ್ಗ ಸುಮಾರು 0.18, ಅಂದರೆ ಜನರ ಕೆಲಸದ ಗುಣಮಟ್ಟದಲ್ಲಿರುವ ವ್ಯತ್ಯಾಸದಲ್ಲಿ ಶೇ 18ರಷ್ಟನ್ನು ಮಾತ್ರ ವ್ಯವಸ್ಥಿತ ಸಂದರ್ಶನವೂ ಸರಾಸರಿಯಾಗಿ ಹಿಡಿಯಬಲ್ಲದು. ಹರಟೆ ಹಿಡಿಯುವುದು ಶೇ 4ಕ್ಕೂ ಕಡಿಮೆ. ನಿಮ್ಮನ್ನು ನೋಯಿಸಿದ ಆ ಎರಡು ಸಾಲಿನ ಮೇಲ್ ಇಷ್ಟು ತೆಳುವಾದ ಬುನಾದಿಯ ಮೇಲೆ ನಿಂತಿದೆ.

ಆದರೂ ನಿಮ್ಮಲ್ಲಿ ಕೊರತೆಯೇ ಇಲ್ಲವೆಂದು ನಾನು ಹೇಳಲಾರೆ, ಪತ್ರ ಓದಿ ಹಾಗೆ ಹೇಳಿದರೆ ನಾನೂ ಅವರಂತೆಯೇ ಆಗುತ್ತೇನೆ. ಕಾಣುತ್ತಿರುವ ಒಂದನ್ನು ಮಾತ್ರ ಹೇಳುತ್ತೇನೆ: ನಿಮ್ಮ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ ಎಂದಿದ್ದೀರಿ, ಕೇಳದಿದ್ದರೂ ನೀವು ಹೇಳಿದಿರಾ ಎಂಬುದನ್ನು ಬರೆದಿಲ್ಲ. ನಮ್ಮ ಕಡೆಯವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೇಳದೆ ತನ್ನ ವಿಷಯ ಹೇಳಿಕೊಳ್ಳುವುದು ಜಂಬವೆಂದು ಮನೆಯಲ್ಲೇ ಕಲಿಸಿರುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಹುಟ್ಟೂರು, ಕಾಲೇಜು, ಶೇಕಡಾವಾರು ಹೇಳಿ ಮುಗಿಸುವವರನ್ನು ನೂರಾರು ನೋಡಿದ್ದೇನೆ. ಅದರ ಬದಲು ತಿಂಗಳ ಕೊನೆಯ ಒಂದು ರಾತ್ರಿಯನ್ನು ಆರಿಸಿಕೊಳ್ಳಿ. ಎಷ್ಟು ಗಂಟೆಗೆ ಫೋನ್ ಬಂತು, ಎಷ್ಟು ಜನರ ಸಂಬಳ ನಿಂತಿತ್ತು, ಲಾಗ್‌ನಲ್ಲಿ ಮೊದಲು ಎಲ್ಲಿ ನೋಡಿದಿರಿ, ಮೊದಲ ಅನುಮಾನ ಹೇಗೆ ತಪ್ಪಾಯಿತು, ಕೊನೆಗೆ ಸಿಕ್ಕಿದ್ದೇನು, ಅದು ಮರುಕಳಿಸದಂತೆ ಏನು ಬದಲಿಸಿದಿರಿ. ಇದನ್ನು ಮೂರು ನಿಮಿಷದಲ್ಲಿ ಹೇಳಲು ಅಭ್ಯಾಸ ಮಾಡಿ. ತಾಂತ್ರಿಕ ಸುತ್ತಿನಲ್ಲಿ ಸಿಕ್ಕಿಬಿದ್ದಾಗಲೂ, ‘ಇದನ್ನು ಈಚೆಗೆ ಬರೆದಿಲ್ಲ, ಆದರೆ ಹೀಗೆ ಯೋಚಿಸುತ್ತೇನೆ’ ಎಂದು ದನಿ ಎತ್ತಿ ಮುಂದುವರಿಯಿರಿ. ಕ್ಯಾಮೆರಾ ಹಾಕದವರಿಗೆ ‘ದಯವಿಟ್ಟು ಕ್ಯಾಮೆರಾ ಹಾಕಿದರೆ ನನಗೆ ಅನುಕೂಲ’ ಎಂದು ಕೇಳುವುದು ಉದ್ಧಟತನವಲ್ಲ.

ಉರು ಹೊಡೆಯಬೇಕೇ ಎಂಬುದಕ್ಕೆ ಉತ್ತರ: ಆರು ವಾರ, ದಿನಕ್ಕೆ ಒಂದು ಗಂಟೆ, ಎಂಟು ಹಾಕಲು ಕಲಿಯುವ ಮನಸ್ಸಿನಿಂದ ಮಾಡಿ. ಅದರಲ್ಲಿ ಅವಮಾನವೇನಿಲ್ಲ, ವಿದ್ಯೆಯೂ ವಿಶೇಷವಿಲ್ಲ. ಒಬ್ಬರೇ ಮಾಡಬೇಡಿ, ಸ್ನೇಹಿತರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅವರು ದಿಟ್ಟಿಸುತ್ತಿರುವಾಗ ಗಟ್ಟಿಯಾಗಿ ಹೇಳುತ್ತ ಬರೆಯಿರಿ, ಏಕೆಂದರೆ ಅಭ್ಯಾಸವಾಗಬೇಕಾದದ್ದು ಮರವಲ್ಲ, ದಿಟ್ಟಿಸುವ ಆ ಕಣ್ಣು. ಅರ್ಜಿ ಹಾಕುವಾಗಲೇ ಒಟ್ಟು ಎಷ್ಟು ಸುತ್ತು, ಯಾವ ಸುತ್ತಿನಲ್ಲಿ ಏನು ನೋಡುತ್ತಾರೆ ಎಂದು ಎಚ್‌ಆರ್ ಅವರನ್ನು ಕೇಳಿ. ಇದಕ್ಕೆ ಸ್ಪಷ್ಟವಾಗಿ ಉತ್ತರಿಸುವ ಕಂಪನಿಗಳು ಸಾಮಾನ್ಯವಾಗಿ ಮುಂದೆಯೂ ನೆಟ್ಟಗೆ ನಡೆದುಕೊಳ್ಳುತ್ತವೆ. ಹಳೆಯ ಸಹೋದ್ಯೋಗಿಗಳು ಸೇರಿಕೊಂಡಿರುವ ಕಡೆ ಅವರ ರೆಫರಲ್ ಪಡೆಯಲು ಸಂಕೋಚ ಬೇಡ, ನಿಮ್ಮ ರಾತ್ರಿಗಳನ್ನು ನೋಡಿದವರು ಅವರೊಬ್ಬರೇ. ತಿರಸ್ಕಾರದ ಕಾರಣವನ್ನು ಒಂದು ಸಲ ಕೇಳಿದ್ದೀರಿ, ಸಾಕು. ನಿಜವಾದ ಕಾರಣವನ್ನು ಬರೆದುಕೊಡುವ ಧೈರ್ಯ ಎಚ್‌ಆರ್ ವಿಭಾಗಗಳಿಗೆ ವಿರಳ, ಎಷ್ಟೋ ಸಲ ಆ ಕಾರಣ ಅವರ ದಾಖಲೆಯಲ್ಲೂ ಇರುವುದಿಲ್ಲ.

ಈಗ ಈ ವಾರಾಂತ್ಯದ ಕೆಲಸ. ಮಾದರಿ ಕೆಲಸ ಮಾಡಿಸಿ ನೋಡುವುದು ಹರಟೆಯ ಸಂದರ್ಶನಕ್ಕಿಂತ ಮೇಲೆಂದು ಮೇಲಿನ ಅಂಕಿಗಳ ಆಧಾರದ ಮೇಲೆ ಹೇಳಬಹುದು, ಹಾಗಾಗಿ ತಾತ್ವಿಕವಾಗಿ ನಾನು ಅದರ ಪರ. ಆದರೆ ಶನಿವಾರ ಕೂರುವ ಮೊದಲು ಮೂರು ವಿಷಯ ಬರೆದು ಕೇಳಿ: ಇದಕ್ಕೆ ಎಷ್ಟು ಗಂಟೆ ಹಿಡಿಯಬೇಕೆಂದು ಅವರ ಅಂದಾಜು, ಯಾವ ಅಂಶಗಳಿಗೆ ಎಷ್ಟು ಅಂಕ, ಮಾಡಿಕೊಟ್ಟ ಮೇಲೆ ಅದನ್ನು ನಿಮ್ಮೊಡನೆ ಕುಳಿತು ಚರ್ಚಿಸುತ್ತಾರೆಯೇ. ನಾಲ್ಕು ಗಂಟೆಯೊಳಗಿನ ಕೆಲಸವಾಗಿದ್ದು, ಚರ್ಚೆಗೆ ಒಪ್ಪಿದರೆ ಮನಸ್ಸಿಟ್ಟು ಮಾಡಿ. ಆ ಚರ್ಚೆಯಲ್ಲೇ ನಿಮ್ಮ ಒಂಬತ್ತು ವರ್ಷ ಹೊರಗೆ ಬರುತ್ತದೆ. ಎರಡು ಪೂರ್ತಿ ದಿನ ನುಂಗುವ, ಅವರ ಉತ್ಪನ್ನದ ಒಂದು ಭಾಗವನ್ನೇ ಕಟ್ಟಿಕೊಡುವಂತಿರುವ ಕೆಲಸವಾಗಿದ್ದರೆ, ನಿಮ್ಮ ಪ್ರಶ್ನೆಗೆ ಶುಕ್ರವಾರ ಸಂಜೆಯವರೆಗೂ ಉತ್ತರ ಬರದಿದ್ದರೆ, ಎರಡೇ ಸಾಲಿನ ಮೇಲ್ ಬರೆದು ಹಿಂದೆ ಸರಿಯಿರಿ.